ಮೊದಲ ಪ್ರಶ್ನೆ ಹೊಸಬರದು

ನಮ್ಮ ಕಂಪನಿಯ ಚರಿತ್ರೆ ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ. ವೆಬ್‌ಸೈಟಿಗೆ ಹಾಕುತ್ತಾರಂತೆ. ಬಂದ ಪ್ರಶಸ್ತಿಗಳು, ದೊಡ್ಡ ಗ್ರಾಹಕರು, ಇಂದಿರಾನಗರದ ಬಂಗಲೆಯ ಫೋಟೊ ಎಲ್ಲವೂ ಆಗಲೇ ಸಿದ್ಧವಾಗಿವೆ. ನನಗೆ ಮಾತ್ರ ಅದರಲ್ಲಿ ನೀರಿನ ಟ್ಯಾಂಕಿನ ವಿಷಯ ಇರಲೇಬೇಕು ಅನ್ನಿಸುತ್ತದೆ.

ತಂತ್ರಜ್ಞಾನದ ಕಂಪನಿಗಳು ಏನು ಮಾಡುತ್ತವೆ ಎಂಬುದನ್ನು ಪತ್ರಿಕೆಯವರಿಗೆ ಅರ್ಥವಾಗುವ ಹಾಗೆ ಹೇಳುವುದು ನಮ್ಮ ಕಸುಬು. ಶಿವಾಜಿನಗರದಲ್ಲಿ ಒಂದು ಪ್ರಿಂಟಿಂಗ್ ಪ್ರೆಸ್ಸಿನ ಮೇಲಿನ ಕೋಣೆಯಲ್ಲಿ ಇದನ್ನು ಶುರು ಮಾಡಿದವರು ಧಾರವಾಡ ಕಡೆಯ ಒಬ್ಬ ಮೇಡಂ. ಮೊದಲು ಪತ್ರಿಕೆಯಲ್ಲಿ ವರದಿಗಾರ್ತಿಯಾಗಿದ್ದವರು. ಕೆಳಗೆ ಮಷೀನ್ ಓಡಿದರೆ ಮೇಲೆ ಟೇಬಲ್ ನಡುಗುತ್ತಿತ್ತು ಎಂದು ಈಗಲೂ ನೆನೆಸಿಕೊಂಡು ನಗುತ್ತಾರೆ. ನಾನು ಸೇರುವ ಹೊತ್ತಿಗೆ ಬಂಗಲೆಗೆ ಬಂದು ವರ್ಷವೂ ಆಗಿರಲಿಲ್ಲ.

ನಾನು ಮರ್ಫಿ ಟೌನಿನಲ್ಲಿ ಹುಟ್ಟಿದವಳು. ಅಪ್ಪ ಅಂಗಡಿ ಬೋರ್ಡ್ ಬರೆಯುವ ಪೇಂಟರ್. ನಮ್ಮ ಎರಡೂ ಕಡೆಯ ನೆಂಟರಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನೇ. ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಆಗ ರಾಮಮೂರ್ತಿ ನಗರದಲ್ಲಿ ಬಾಡಿಗೆಗಿದ್ದೆವು. ಮಗಳು ಪೇಪರ್ ಆಫೀಸಿನಲ್ಲಿದ್ದಾಳೆ ಎಂದು ಅಪ್ಪ ರಸ್ತೆಗೆಲ್ಲ ಹೇಳಿಬಿಟ್ಟಿದ್ದರು. ಕೆಲಸ ಇನ್ನೂ ಕಾಯಂ ಆಗಿಲ್ಲ ಎಂದು ನಾನು ತಿದ್ದಲು ಹೋಗಲಿಲ್ಲ.

ಕಂಪನಿಯಲ್ಲಿ ಒಂದು ಪದ್ಧತಿ ಇತ್ತು. ಪತ್ರಿಕಾಗೋಷ್ಠಿಗೆ ಮುಂಚೆ ನಾವೆಲ್ಲ ಹಾಲ್‌ನಲ್ಲಿ ವರದಿಗಾರರ ಹಾಗೆ ಕೂತು ಗ್ರಾಹಕರನ್ನು ಪ್ರಶ್ನೆ ಕೇಳಬೇಕು. ಮೊದಲ ಪ್ರಶ್ನೆ ಯಾವಾಗಲೂ ಎಲ್ಲರಿಗಿಂತ ಹೊಸಬರದು. ಕಾರಣವನ್ನು ಮೇಡಂ ಹೇಳಿದ್ದರು: "ಹಳಬರಿಗೆ ಗಿರಾಕಿ ಮ್ಯಾಲೆ ಪ್ರೀತಿ ಬಂದಿರ್ತದವ್ವಾ. ನಿನಗ ಇನ್ನೂ ಬಂದಿಲ್ಲ."

ಅವತ್ತು ಬಂದಿದ್ದವರು ನಮ್ಮ ದೊಡ್ಡ ಗ್ರಾಹಕರು. ಅವರು ಕೈಬಿಟ್ಟರೆ ಬಂಗಲೆಯನ್ನೂ ಬಿಡಬೇಕು ಎಂಬುದು ಆಫೀಸಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಮನೆ ಮೇಲಿನ ಟ್ಯಾಂಕಿಗೆ ಕಟ್ಟುವ ಒಂದು ಮೀಟರ್ ತಯಾರಿಸಿದ್ದರು. ನೀರು ಕಡಿಮೆಯಾದರೆ ಫೋನಿಗೆ ಮೆಸೇಜ್ ಬರುತ್ತದೆ. ಇನ್ನು ಬೆಂಗಳೂರಿನ ಯಾವ ಮನೆಯಲ್ಲೂ ನೀರಿಗೆ ತೊಂದರೆ ಆಗುವುದಿಲ್ಲ ಎಂದು ಪ್ರಕಟಣೆಯಲ್ಲಿ ಬರೆದಿತ್ತು. ಆ ಕಂಪನಿಯ ಯಜಮಾನರು ಬಹಳ ಚೆನ್ನಾಗಿ ವಿವರಿಸಿದರು. ಮೇಡಂ ನನ್ನ ಕಡೆ ನೋಡಿದರು.

ನಮ್ಮ ಕಟ್ಟಡದಲ್ಲಿ ನಾಲ್ಕು ಮನೆಗೆ ಒಂದೇ ಟ್ಯಾಂಕು, ಮೋಟರ್ ಸ್ವಿಚ್ ಓನರ್ ಆಂಟಿಯ ಅಡುಗೆಮನೆಯಲ್ಲಿ. ನೀರು ನಿಂತಾಗ ಅಮ್ಮ ಮೆಟ್ಟಿಲ ಮೇಲೆ ನಿಂತು ಕೂಗಬೇಕು. ನನಗೆ ಬೇರೆ ಏನೂ ಹೊಳೆಯಲಿಲ್ಲ, ಅದನ್ನೇ ಕೇಳಿದೆ.

"ಸರ್, ಸ್ವಿಚ್ ಓನರ್ ಮನೆ ಒಳಗಿದ್ರೆ ಬಾಡಿಗೆಯವರು ಏನ್ ಮಾಡ್ಬೇಕು?"

"ಓನರ್‌ಗೆ ಹೇಳ್ಬೇಕು."

"ಅದಕ್ಕೆ ಮೀಟರ್ ಯಾಕೆ ಸರ್? ನಲ್ಲಿ ತಿರುಗಿಸಿದ್ರೆ ಗೊತ್ತಾಗುತ್ತಲ್ಲ."

ಹಿಂದೆ ಯಾರೋ ಕಿಸಕ್ಕೆಂದರು. ಯಜಮಾನರು ಲ್ಯಾಪ್‌ಟಾಪ್ ಮುಚ್ಚಿದರು. ಈ ಹುಡುಗಿ ಯಾರ ಕಡೆಯವಳು ಎಂದು ಅವರು ಮೇಡಂ ಬಳಿ ಕೇಳಿದರು.

"ನಿಮ್ಮ ಕಡೆನೇ ರೀ. ಇದನ್ನ ಗೋಷ್ಠಿಯೊಳಗ ಹತ್ತು ಕ್ಯಾಮೆರಾ ಮುಂದ ಕೇಳ್ತಾರ. ಅದಕಿಂತ ಇಲ್ಲೇ ಕೇಳಿಸ್ಕೊಳ್ರಿ," ಎಂದರು ಮೇಡಂ.

ಯಜಮಾನರು ಎದ್ದು ಹೋದರು.

ಮಾರನೆಯ ಬೆಳಿಗ್ಗೆ ಆಫೀಸಿಗೆ ಹೋದರೆ, ಇನ್ನಿಬ್ಬರ ಜೊತೆ ಹಂಚಿಕೊಂಡಿದ್ದ ಟೇಬಲ್ಲಿನ ಮೇಲೆ ನನ್ನ ಸಾಮಾನು ಇರಲಿಲ್ಲ. ಮುಗಿಯಿತು ಅಂದುಕೊಂಡೆ. ನೋಡಿದರೆ ಎಲ್ಲವೂ ಕಿಟಕಿಯ ಪಕ್ಕದ ಖಾಲಿ ಟೇಬಲ್ಲಿಗೆ ಹೋಗಿತ್ತು. ಕೆಲಸದಿಂದ ತೆಗೆಯುವಾಗ ಅಲ್ಲಿಂದ ಎಬ್ಬಿಸುವುದು ಸುಲಭವೇನೋ ಎಂದುಕೊಂಡೇ ಕೂತೆ.

ಎರಡು ದಿನ ಬಿಟ್ಟು ಯಜಮಾನರ ಫೋನ್ ಬಂತು. ಗೋಷ್ಠಿ ಮುಂದಕ್ಕೆ ಹಾಕಿದ್ದಾರೆ, ಅಂಥ ಮನೆಯೊಂದನ್ನು ನೋಡಬೇಕಂತೆ. ನಮ್ಮ ಮನೆಗೇ ಕರೆದುಕೊಂಡು ಹೋದೆ. ಅಮ್ಮ ಅವರನ್ನು ಮೆಟ್ಟಿಲ ಮೇಲೆ ನಿಲ್ಲಿಸಿ, ಅರ್ಧ ತಮಿಳು ಅರ್ಧ ಕನ್ನಡದಲ್ಲಿ ತಾನು ಎಲ್ಲಿ ನಿಂತು ಕೂಗುತ್ತೇನೆ, ಟಿವಿ ಹಾಕಿದ್ದರೆ ಓನರಿಗೆ ಹೇಗೆ ಕೇಳಿಸುವುದಿಲ್ಲ ಎಂದೆಲ್ಲ ತೋರಿಸಿದರು. ಓನರ್ ಆಂಟಿ ಹೊರಗೆ ಬಂದು, "ಏನಮ್ಮಾ, ನನ್ ಮೇಲೆ ಕಂಪ್ಲೇಂಟ್ ಕೊಡೋಕೆ ಆಫೀಸರ್‌ನೇ ಕರ್ಕೊಂಡ್ ಬಂದ್ಬಿಟ್ಯಾ?" ಎಂದರು. ಆಮೇಲೆ ಅವರೇ ಕಾಫಿ ಕೊಟ್ಟರು.

ಮೀಟರ್ ಬದಲಾಯಿತು. ಮೆಸೇಜ್ ಓನರಿಗೂ ಬಾಡಿಗೆಯವರಿಗೂ ಒಟ್ಟಿಗೆ ಹೋಗುವ ಹಾಗೆ, ಓನರ್ ಅದನ್ನು ನೋಡಿದ್ದು ಎಲ್ಲರಿಗೂ ಕಾಣುವ ಹಾಗೆ ಮಾಡಿದರು. ಪ್ರಕಟಣೆಯಿಂದ ಬೆಂಗಳೂರಿನ ಎಲ್ಲ ಮನೆಗಳೂ ಹೊರಟುಹೋದವು. ಗೋಷ್ಠಿಯಲ್ಲಿ ಕನ್ನಡ ಪತ್ರಿಕೆಯವರೊಬ್ಬರು ಕೈ ಎತ್ತಿ, ಬಾಡಿಗೆ ಮನೆಯವರ ಗತಿಯೇನು ಎಂದು ಕೇಳಿದರು. ಯಜಮಾನರು ತಡವರಿಸದೆ ಉತ್ತರ ಕೊಟ್ಟರು. ಮರುದಿನ ಅದೇ ಸುದ್ದಿಯಾಗಿತ್ತು. ಅವರು ಈಗಲೂ ನಮ್ಮ ಗ್ರಾಹಕರು.

ಅಪ್ಪ ಪೇಪರನ್ನು ಮೇಲಿಂದ ಕೆಳಗೆ ಓದಿದರು.

"ನಿನ್ ಹೆಸರೆಲ್ಲಿ?"

"ನಮ್ಮ ಹೆಸರು ಹಾಕಲ್ಲಪ್ಪಾ."

"ನಾನೇ ಬೋರ್ಡ್ ಮೂಲೇಲಿ ಸಣ್ಣದಾಗಿ ಬರೀತೀನಿ. ನಿಮಗೆ ಅದೂ ಇಲ್ವಾ?"

ಬಾಡಿಗೆ ಮನೆಯವರ ಆ ಪ್ರಶ್ನೆ ಮೊದಲು ಕೇಳಿದ್ದು ನಾನು ಎಂದೆ. ಅವರು ಮತ್ತೆ ಓದಿದರು. ಆಮೇಲೆ ಪೇಪರನ್ನು ಮಡಚಿ, ಬ್ರಷ್ ಇಡುವ ಚೀಲಕ್ಕೆ ಹಾಕಿಕೊಂಡು ಕೆಲಸಕ್ಕೆ ಹೋದರು.

ಈಗ ಹಾಲ್‌ನಲ್ಲಿ ಎಲ್ಲರನ್ನೂ ವರದಿಗಾರರ ಹಾಗೆ ಕೂರಿಸುವವಳು ನಾನು. ಈ ಚರಿತ್ರೆಯನ್ನೂ ಹಾಗೆಯೇ ಓದಿಸಿದೆ. ಹೋದ ವಾರವಷ್ಟೇ ಸೇರಿದ ಕಲಬುರಗಿಯ ಹುಡುಗಿ ಮೊದಲು ಕೇಳಿದಳು: "ಮೇಡಂ, ಆ ಗಿರಾಕಿ ವಾಪಸ್ ಬರದೇ ಇದ್ದಿದ್ರ ನಿಮ್ಮನ್ನ ಇಟ್ಕೋತಿದ್ರೇನು?"

ಆ ಸಂಜೆ ಹಿರಿಯ ಮೇಡಂಗೆ ಫೋನ್ ಮಾಡಿ ಕೇಳಿದೆ.

"ಅವ್ರು ಎದ್ದು ಹೋದ ಸಂಜಿನ ನಿನಗ ಕಿಟಕಿ ಟೇಬಲ್ ಹಾಕಿಸಿದ್ನಲ್ಲವ್ವಾ," ಎಂದರು. "ಅಷ್ಟೂ ತಿಳೀಲಿಲ್ಲೇನು ನಿನಗ?"

ಅದನ್ನೂ ಚರಿತ್ರೆಗೆ ಸೇರಿಸಿದ್ದೇನೆ.