ನೊರೆ ಬಾರದ ಸಾಬೂನು

ಹಡಗುಕಟ್ಟೆಯ ಹಿಂದಿನ ಬೀದಿಯಲ್ಲಿ ನೊರೆಯಕ್ಕ ಎಂದರೆ ಗೊತ್ತಿಲ್ಲದವರಿರಲಿಲ್ಲ. ಹೆತ್ತವರು ಇಟ್ಟ ಹೆಸರು ಅವಳಿಗೇ ಮರೆತುಹೋಗಿತ್ತು. ಆಸ್ಪತ್ರೆಯ ಹಾಸಿಗೆ ಬಟ್ಟೆ, ವಸತಿಗೃಹದ ಟವೆಲು, ಹಡಗಿನವರ ಎಣ್ಣೆಜಿಡ್ಡಿನ ಅಂಗಿ, ಎಲ್ಲ ಬಂದು ಬೀಳುತ್ತಿದ್ದದ್ದು ಅವಳ ಅಂಗಳದ ಮೂರು ಸಿಮೆಂಟು ತೊಟ್ಟಿಗಳಿಗೆ. ನೊರೆ ಮೊಣಕೈವರೆಗೆ ಏರದ ಹೊರತು ಬಟ್ಟೆ ಅದ್ದುವವಳಲ್ಲ. ಹೆಸರು ಬಂದದ್ದು ಅದರಿಂದ.

ಅಂಗಳದ ಮೂಲೆಯಲ್ಲಿ ಬಾವಿ. ಮದುವೆಯಾದ ವರ್ಷ ಗಂಡ ತಾನೇ ಇಳಿದು ತೋಡಿದ್ದು. ಅವನು ಕಣ್ಮುಚ್ಚಿದ ಮೇಲೂ ಅವಳಿಗದು ‘ನಮ್ಮವರ ಬಾವಿ’ಯೇ. ಆ ನೀರಿಗೆ ಯಾರಾದರೂ ಕೊಂಕು ತೆಗೆದರೆ ಗಂಡನನ್ನು ಬೈದಷ್ಟೇ ಉರಿಯುತ್ತಿತ್ತು.

ಸಾಬೂನು ಮಾತ್ರ ತಂಗಿಯದು. ಅಲೆಗೆ ಇನ್ನೂರು ಹೆಜ್ಜೆ ದೂರದ ತಗಡಿನ ಶೆಡ್ಡಿನಲ್ಲಿ ತಂಗಿ ಎಣ್ಣೆಯನ್ನೂ ಕ್ಷಾರವನ್ನೂ ದೊಡ್ಡ ಕಡಾಯಿಯಲ್ಲಿ ಕುದಿಸಿ, ಕೊನೆಗೆ ಬೊಗಸೆ ಬೊಗಸೆ ಉಪ್ಪು ಸುರಿಯುತ್ತಿದ್ದಳು. ಉಪ್ಪು ಬಿದ್ದೊಡನೆ ಸಾಬೂನು ಒಡೆದ ಹಾಲಿನಂತೆ ಗಂಟುಗಟ್ಟಿ ಮೇಲೆ ತೇಲುತ್ತಿತ್ತು. ಅದನ್ನು ತೆಗೆದು ಅಚ್ಚಿಗೆ ತುಂಬುವುದು. ವಾರಕ್ಕೊಮ್ಮೆ ಬುಟ್ಟಿ ಹೊತ್ತು ಅಕ್ಕನ ಮನೆಗೆ ಬಂದರೆ ಊಟ, ಹರಟೆ, ಒಬ್ಬರ ತಲೆ ಒಬ್ಬರು ಬಾಚುವುದು, ಎಲ್ಲ ಮುಗಿಸಿ ಸಂಜೆಗೇ ಹೊರಡುವುದು.

ಒಂದು ವರ್ಷ ನೊರೆ ಏರಲಿಲ್ಲ. ಮಣಿಕಟ್ಟಿಗೆ ಬಂದು ನಿಂತಿತು. ಆಮೇಲೆ ಅದೂ ಇಲ್ಲ. ನೀರಿನ ಮೇಲೆ ಬಿಳಿ ಬಿಳಿ ಗಂಟು ತೇಲಿ ಬಟ್ಟೆಗೆಲ್ಲ ಮೆತ್ತಿಕೊಳ್ಳತೊಡಗಿತು. ಆಸ್ಪತ್ರೆಯ ದೊಡ್ಡ ನರ್ಸು ಹಾಸಿಗೆ ಬಟ್ಟೆಗಳನ್ನು ವಾಪಸು ತಂದು ಎಸೆದಳು. “ಏನಮ್ಮಾ ಇದು, ಬಟ್ಟೆಯೋ ಮರಳುಕಾಗದವೋ? ಇದರ ಮೇಲೆ ಮಲಗಿದ್ರೆ ರೋಗ ಹೋಗೋಕೆ ಮುಂಚೆ ರೋಗೀನೇ ಸವೆದು ಹೋಗ್ತಾನೆ!”

ಆ ವಾರ ತಂಗಿ ಬುಟ್ಟಿ ಇಳಿಸುವಷ್ಟರಲ್ಲಿ ನೊರೆಯಕ್ಕ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

“ಎಣ್ಣೆಗೆ ಏನೇ ಬೆರೆಸ್ತಿದ್ದೀಯ?”

“ನಿನ್ನಾಣೆ ಅಕ್ಕ, ಅದೇ ಎಣ್ಣೆ. ನಿನ್ನ ನೀರನ್ನೊಂದ್ಸಲ ನೋಡು. ಕಡಾಯಿಗೆ ಉಪ್ಪು ಹಾಕ್ದಾಗ ಹಿಂಗೇ ಒಡೆಯೋದು.”

“ದಿನಾ ಕುಡಿಯೋಳು ನಾನು. ಉಪ್ಪಾಗಿದ್ರೆ ನನ್ನ ನಾಲಿಗೆಗೆ ತಿಳೀತಿರಲಿಲ್ವಾ?”

ತಂಗಿ ಕೊಡಕ್ಕೆ ಕೈ ಹಾಕಿ ಒಂದು ಬೊಗಸೆ ಬಾಯಿಗೆ ಹಾಕಿಕೊಂಡಳು, ಮುಖ ಕಿವುಚಿ ನೆಲಕ್ಕೆ ಉಗಿದಳು.

ಆ ಉಗಿದದ್ದೇ ಮುಳುವಾಯಿತು. ಗಂಡ ಬೆವರು ಸುರಿಸಿ ತೋಡಿದ ಬಾವಿಯ ನೀರು!

“ಎತ್ತು ನಿನ್ನ ಬುಟ್ಟಿ. ಮೋಸದ ಮಾಲು ತಂದು ಸತ್ತವರ ಮೇಲೆ ಉಗೀತೀಯಾ?”

ತಂಗಿಯ ಕಣ್ಣು ತುಂಬಿತು. ಬುಟ್ಟಿ ಎತ್ತಿಕೊಂಡು ಹೋದಳು. ಒಂದೇ ಒಂದು ಸಾಬೂನು ಕಲ್ಲಿನ ಮೇಲೆ ಉಳಿದಿತ್ತು. ನೊರೆಯಕ್ಕ ಅದನ್ನು ಬಳಸಲೂ ಇಲ್ಲ, ಎಸೆಯಲೂ ಇಲ್ಲ. ಕಿಟಕಿಯಲ್ಲಿ ಇಟ್ಟು ಬಂದವರಿಗೆಲ್ಲ ತೋರಿಸಿದಳು, “ನೋಡಿ, ಒಡಹುಟ್ಟಿದವಳ ಕೆಲಸ.”

ಎಂಟು ವರ್ಷ ಮಾತಿಲ್ಲ, ಕತೆಯಿಲ್ಲ. ನೊರೆಯಕ್ಕ ಅಂಗಡಿಯ ಸಾಬೂನುಪುಡಿ ತಂದಳು, ಇನ್ನೊಂದು ಪುಡಿ ತಂದಳು. ಆಸ್ಪತ್ರೆ ಕೈಬಿಟ್ಟಿತು, ಆಮೇಲೆ ವಸತಿಗೃಹ. ಹುಣ್ಣಿಮೆಯ ಉಬ್ಬರಕ್ಕೆ ಬೀದಿಯ ಚರಂಡಿಯಿಂದ ನೀರು ಹಿಂದಕ್ಕೆ ಉಕ್ಕಿ ಹೊಸ್ತಿಲು ನೆಕ್ಕಿ ಹೋಗುವುದು ಮಾಮೂಲಾಯಿತು. ಒಂದು ಮಳೆಗಾಲ ಅಲೆ ಬಂದು ತಂಗಿಯ ಶೆಡ್ಡಿನ ಗೋಡೆಯನ್ನು ಕೊಂಡೊಯ್ದಿತು. ಮರುವರ್ಷ ನೆಲವನ್ನೇ. ತಂಗಿ ದಿಬ್ಬದಾಚೆಯ ಬಡಾವಣೆಗೆ ಹೋದಳಂತೆ ಎಂದು ಯಾರೋ ಅಂದರು. ನೊರೆಯಕ್ಕ ಚಪ್ಪಲಿ ಮೆಟ್ಟಿ ಬಾಗಿಲವರೆಗೆ ಹೋದಳು. ಕಿಟಕಿಯ ಸಾಬೂನು ಕಣ್ಣಿಗೆ ಬಿತ್ತು. ಚಪ್ಪಲಿ ಬಿಟ್ಟು ಒಳಗೆ ಬಂದಳು.

ಬಾವಿಗಳ ನೀರು ಪರೀಕ್ಷಿಸುವ ಹುಡುಗಿ ಬಂದದ್ದು ತಂಗಿ ದಿಬ್ಬದಾಚೆಗೆ ಹೋದ ಎರಡು ವರ್ಷಕ್ಕೆ. ಕೊಡಕ್ಕೆ ಒಂದು ಕಡ್ಡಿ ಅದ್ದಿ, ಕೈಯಲ್ಲಿದ್ದ ಡಬ್ಬಿಯಲ್ಲಿ ಮೂಡಿದ ಅಂಕಿ ನೋಡಿ ಹುಬ್ಬೇರಿಸಿದಳು.

“ಅಜ್ಜೀ, ಇದನ್ನ ಕುಡೀತೀರಾ?”

“ಮತ್ತೇನು, ನೋಡಿ ಕೈ ಮುಗೀತೀನಾ?”

“ಉಪ್ಪು ಅಜ್ಜೀ ಇದು! ಸಮುದ್ರ ಕೆಳಗಿಂದ ಬಂದಿದೆ.”

“ಸಮುದ್ರ ಅಲ್ಲಿದೆಯಲ್ಲೇ.”

“ಅಲ್ಲೇ ಇಲ್ಲ, ಏರ್ತಿದೆ. ಭೂಮಿ ಬಿಸಿಯಾಗ್ತಿದೆ, ಬಿಸಿಗೆ ನೀರು ಹಿಗ್ಗುತ್ತೆ. ಎಲ್ಲೋ ದೂರದಲ್ಲಿ ನೆಲದ ಮೇಲಿದ್ದ ಮಂಜುಗಡ್ಡೆ ಕರಗಿ ಅದೂ ಬಂದು ಸೇರುತ್ತೆ. ಇಲ್ಲಿ ನೋಡಿದ್ರೆ ಬೀದಿಗೆಲ್ಲ ಪಂಪು. ಅಡಿಯ ಸಿಹಿನೀರನ್ನ ನಾವು ಎಳೆದುಬಿಟ್ವಿ. ನೆಲ ಕುಸೀತು, ಖಾಲಿ ಜಾಗಕ್ಕೆ ಉಪ್ಪುನೀರು ನುಗ್ತು.”

ನೊರೆಯಕ್ಕ ಬಾವಿಯ ಪಕ್ಕದ ಪಂಪನ್ನು ನೋಡಿದಳು. ಆಸ್ಪತ್ರೆಯ ಕೆಲಸ ಹೆಚ್ಚಾದಾಗ ಆಸೆಪಟ್ಟು ಹಾಕಿಸಿದ್ದು. ಮೂರು ತೊಟ್ಟಿ, ದಿನಕ್ಕೆರಡು ಸಲ.

“ಯಾವಾಗಿಂದ?”

“ಹತ್ತು ವರ್ಷದ ಮೇಲೇ ಆಗಿರುತ್ತೆ. ಕೂದಲು ನರೆತ ಹಾಗೆ, ದಿನ ಹೇಳೋಕಾಗಲ್ಲ.”

ಹುಡುಗಿ ಹೋದ ಮೇಲೆ ಅಡುಗೆಗೆ ನಿಂತಳು. ಉಪ್ಪಿನ ಜಾಡಿಗೆ ಕೈ ಹಾಕಹೋದರೆ ಮುಚ್ಚಳ ಕಿತ್ತು ಬರಲಿಲ್ಲ. ಚಮಚದ ಹಿಡಿಯಿಂದ ಮೀಟಿದಳು. ಒಳಗೆ ಉಪ್ಪು ಕಲ್ಲಾಗಿ ಕೂತಿತ್ತು. ಹಿಂದೆ ತಿಂಗಳಿಗೊಂದು ಜಾಡಿ ಖಾಲಿಯಾಗುತ್ತಿತ್ತು. ಇದನ್ನು ತುಂಬಿದ್ದು ಯಾವಾಗ? ನೆನಪಿಗೆ ಬರಲಿಲ್ಲ. ಚಿಟಿಕೆ ಚಿಟಿಕೆಯಾಗಿ ಕೈ ತಾನೇ ಕಡಿಮೆ ಮಾಡುತ್ತ ಬಂದಿತ್ತು. ಕೈಗೆ ಗೊತ್ತಿದ್ದದ್ದು ಅವಳಿಗೆ ಗೊತ್ತಾಗಿರಲಿಲ್ಲ. ಒಲೆ ಆರಿಸಿದಳು.

ಮರುದಿನ ಕಿಟಕಿಯ ಸಾಬೂನನ್ನು ಬಟ್ಟೆಯಲ್ಲಿ ಸುತ್ತಿಕೊಂಡು ದಿಬ್ಬ ಹತ್ತಿದಳು. ಮೂರು ಕಡೆ ಕೂತು ಸುಧಾರಿಸಿಕೊಂಡು ಬಾಗಿಲು ತಟ್ಟಿದಳು.

“ಯಾರದು?”

“ನಾನೇ ಕಣೇ.”

“ನಾನೇ ಅಂದ್ರೆ?”

“ಬಟ್ಟೆ ಒಗೆಯೋಳು.”

“ನಮ್ಮನೇಲಿ ಮೆಷಿನ್ ಇದೆ.” ಅಷ್ಟಂದರೂ ಬಾಗಿಲು ತೆರೆಯಿತು. ತಂಗಿ ಗೋಡೆ ಹಿಡಿದು ನಿಂತಿದ್ದಳು. ಕ್ಷಾರ ತಿಂದ ಬೆರಳುಗಳು ಸೊಟ್ಟಗಾಗಿದ್ದವು. ಸಾಬೂನು ಮಾಡುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು.

ನೊರೆಯಕ್ಕ ಬಟ್ಟೆಯ ಗಂಟು ಬಿಚ್ಚಿ ತೋರಿಸಿದಳು. ತಂಗಿ ನೋಡಿದಳು, ಗುರುತು ಹಿಡಿದಳು. ಪಕ್ಕಕ್ಕೆ ಸರಿದು ಹಿತ್ತಲಿನ ನಲ್ಲಿಯ ಕಡೆ ಕೈ ತೋರಿಸಿದಳು.

ದಿಬ್ಬದ ಮೇಲಿನ ಸಿಹಿನೀರು. ಒಣಗಿ ಬಿರುಕುಬಿಟ್ಟ ಸಾಬೂನನ್ನು ನೊರೆಯಕ್ಕ ಅಂಗೈಯಲ್ಲಿ ಉಜ್ಜಿದಳು. ಮೊದಲು ಏನೂ ಇಲ್ಲ. ಆಮೇಲೆ ಬೆರಳ ಸಂದಿಯಲ್ಲಿ ಬಿಳಿ ಮೂಡಿತು, ಉಬ್ಬಿತು, ಮಣಿಕಟ್ಟು ದಾಟಿತು, ಮೊಣಕೈಗೆ ಏರಿತು. ಅವಳು ಉಜ್ಜುತ್ತಲೇ ಇದ್ದಳು. ನೊರೆ ಕಲ್ಲಿನ ಮೇಲೆ ಸುರಿದು ಮೋರಿಗೆ ಹರಿಯಿತು.

“ನೀನು ಹೇಳಿದ್ದೆ,” ಎಂದಳು ಕೊನೆಗೆ.

“ಹೇಳಿದ್ದೆ.”

ತಂಗಿ ಬಗ್ಗಿ ನಲ್ಲಿ ನಿಲ್ಲಿಸಿದಳು. “ಸಾಕು ಬಿಡಕ್ಕ, ಸವೆದು ಹೋಗುತ್ತೆ. ನಾನು ಮಾಡಿದ್ರಲ್ಲಿ ಉಳಿದಿರೋದು ಅದೊಂದೇ.”