ಬಂಡೆಗೆ ಸುಸ್ತಾಗುವುದಿಲ್ಲ

ಟಪ್-ಟಪ್. ಅರೆಗಳಿಗೆ ಮೌನ. ಆಮೇಲೆ ಇಡೀ ಮೈದಾನ ಒಟ್ಟಿಗೆ: ಟಪ್.

ಮಧುಗಿರಿಯಲ್ಲಿ ನಾನು ಹೈಸ್ಕೂಲ್ ಸೈನ್ಸ್ ಟೀಚರ್ ಆಗಿದ್ದಷ್ಟು ವರ್ಷ ಲ್ಯಾಬಿನ ಕಿಟಕಿಯಿಂದ ಒಳಗೆ ಬರುತ್ತಿದ್ದ ಸದ್ದು ಅದು. ಪಿ.ಟಿ. ಮೇಷ್ಟ್ರು ಎರಡು ಚಪ್ಪಾಳೆ ತಟ್ಟಿದರೆ, ಸಾಲಾಗಿ ನಿಂತ ಮಕ್ಕಳೆಲ್ಲ ಒಂದು ತಟ್ಟಿ ಉತ್ತರ ಕೊಡಬೇಕು. ಯಾರ ಗಮನ ಎಲ್ಲಿದೆ ಎಂದು ತಿಳಿಯಲು ಅವರು ಮಾಡಿಕೊಂಡಿದ್ದ ಉಪಾಯ. ನಾನು ಎದ್ದು ಹೋಗಿ ಕಿಟಕಿ ಹಾಕಿಬಿಡುತ್ತಿದ್ದೆ. ಡಿಸ್ಟರ್ಬೆನ್ಸ್.

ಎಷ್ಟೋ ವರ್ಷಗಳ ಮೇಲೆ, ಮೊನ್ನೆ ಮೊನ್ನೆ ಅನ್ನಿಸುವ ಒಂದು ಡಿಸೆಂಬರಿನಲ್ಲಿ, ಬೆಟ್ಟದ ಬಂಡೆಯಿಂದ ಅಂಥದೇ ಸದ್ದು ಕೇಳಿದೆ. ಅದು ಏನೆಂದು ಸುತ್ತ ನಿಂತಿದ್ದ ಮಕ್ಕಳಿಗೆ ತಪ್ಪಾಗಿ ವಿವರಿಸಿದೆ. ವಿವರಣೆ ಎಷ್ಟು ಚೆನ್ನಾಗಿತ್ತೆಂದರೆ ಅದರಿಂದ ಒಬ್ಬ ಮನುಷ್ಯನ ಜೀವ ಹೋಗುವುದರಲ್ಲಿತ್ತು.

ನಾನು ಓದಿದ್ದು ನನ್‌ಗಳ ಬೋರ್ಡಿಂಗ್ ಸ್ಕೂಲಿನಲ್ಲಿ. ಕಾರಿಡಾರಿನಲ್ಲಿ ಯಾರಾದರೂ ಹೆಜ್ಜೆ ಜೋರು ಮಾಡಿದರೆ ಸಿಸ್ಟರ್ ಕನ್ನಡಕದ ಮೇಲಿಂದ ನೋಡಿ, ‘ಲೇಡೀಸ್ ಡು ನಾಟ್ ರನ್’ ಎನ್ನುತ್ತಿದ್ದರು. ಆ ಮಾತನ್ನು ನಾನು ಮೈಯಲ್ಲೇ ಇಟ್ಟುಕೊಂಡು ಬೆಳೆದೆ. ಬೆವರುವುದು, ಏದುಸಿರು ಬಿಡುವುದು, ಮೈದಾನದ ಧೂಳು, ಇವೆಲ್ಲ ಓದಲು ಬಾರದವರ ಪಾಲು ಎಂದೇ ತಿಳಿದಿದ್ದೆ. ಹಾಗಾಗಿ ಪಿ.ಟಿ. ಪೀರಿಯಡ್ ಕಿತ್ತುಕೊಳ್ಳಲು ನನಗೆ ಸಂಕೋಚವೇ ಆಗುತ್ತಿರಲಿಲ್ಲ. ‘ಪೋರ್ಷನ್ ಮುಗಿದಿಲ್ಲ ಮಾಸ್ಟರ್’ ಎಂದರೆ ಸಾಕು, ಅವರು ವಿಷಲ್ ಜೇಬಿಗೆ ಹಾಕಿಕೊಂಡು ‘ತಗೊಳ್ಳಿ ಮೇಡಂ’ ಎಂದು ಹೊರಟುಬಿಡುತ್ತಿದ್ದರು. ಆಟಕ್ಕೆಂದು ಲೇಸ್ ಬಿಗಿದುಕೊಂಡಿದ್ದ ಮಕ್ಕಳು ಬೆಂಚಿನ ಕೆಳಗೆ ಕಾಲು ಕುಣಿಸುತ್ತ ನಾನು ಹೇಳಿದ ನೋಟ್ಸ್ ಬರೆದುಕೊಳ್ಳುತ್ತಿದ್ದರು. ಸೈನ್ಸ್ ಅಂದರೆ ಆಟ ತಪ್ಪಿಸುವ ವಿಷಯ ಎಂದು ಒಂದು ತಲೆಮಾರಿಗೆ ಕಲಿಸಿದವಳು ನಾನೇ.

ರಿಟೈರ್ ಆದೆ. ಶುಗರ್ ಬಂತು, ಮಂಡಿ ಹಿಡಿಯಿತು. ಡಾಕ್ಟರು ನಡೆಯಿರಿ ಎಂದರು. ನಾನು ನಡೆಯಲಿಲ್ಲ. ಒಂದು ಬೆಳಗ್ಗೆ ನೋಡಿದರೆ, ಗೇಟಿನ ಹತ್ತಿರ ಬಿಳಿ ಕ್ಯಾನ್ವಾಸ್ ಶೂ ಹಾಕಿಕೊಂಡು ಅದೇ ಪಿ.ಟಿ. ಮೇಷ್ಟ್ರು ನಿಂತಿದ್ದಾರೆ. ಅವರು ಶಿರಾದವರು, ಅಲ್ಲಿ ಮನೆ-ಮಗಳು ಎಲ್ಲ ಇದ್ದರೂ, ಹೆಂಡತಿ ತೀರಿಕೊಂಡ ಮೇಲೂ ಈ ಬೆಟ್ಟ ಬಿಟ್ಟು ಹೋಗಲಾರದೆ ಒಂದು ರೂಮು ಮಾಡಿಕೊಂಡು ಇಲ್ಲೇ ಉಳಿದಿದ್ದರು.

“ಬನ್ನಿ ಮೇಡಂ. ಕಿತ್ಕೊಂಡಿರೋ ಪೀರಿಯಡ್ಡೆಲ್ಲ ನಡೆದು ವಾಪಸ್ ಕೊಡಿ.”

“ಎಷ್ಟಿವೆ ಮಾಸ್ಟರ್?”

“ಬಹಳ ಇವೆ. ನಿಮ್ಮ ಆಯಸ್ಸಿಗೆಲ್ಲ ಆಗ್ತದೆ. ಚಲೋ, ಚಲೋ.”

ಹೀಗೆ ಬೆಟ್ಟದ ಬುಡದಲ್ಲಿ ನಡೆಯತೊಡಗಿದೆ. ಮೊದಲು ಬಸ್ ಸ್ಟ್ಯಾಂಡಿನವರೆಗೆ, ಆಮೇಲೆ ಕೋಟೆ ಬಾಗಿಲಿನವರೆಗೆ, ಆಮೇಲೆ ಕಲ್ಲಿನ ಮೆಟ್ಟಿಲುಗಳಲ್ಲಿ ಒಂದಷ್ಟು. ಮಳೆಗಾಲ ಮುಗಿಯುವ ಹೊತ್ತಿಗೆ ನೆಲದ ಮೇಲೆ ಕೂತು ಏಳುತ್ತಿದ್ದೆ. ರಾತ್ರಿ ಮಲಗಿದರೆ ನಿದ್ದೆ ಬರುತ್ತಿತ್ತು. ಹತ್ತಿ ನಿಂತಾಗ ಅವರು ನನ್ನ ಕೈಯಿಂದಲೇ ನನ್ನ ಮಣಿಕಟ್ಟು ಹಿಡಿಸಿ ನಾಡಿ ಎಣಿಸಲು ಹೇಳುತ್ತಿದ್ದರು. “ಎಷ್ಟು ಏರ್ತು ಅನ್ನೋದಲ್ಲ ಮೇಡಂ, ನಿಂತ ಮೇಲೆ ಎಷ್ಟು ಬೇಗ ಇಳೀತು ಅನ್ನೋದೇ ನಿಮ್ಮ ಪ್ರೋಗ್ರೆಸ್ ಕಾರ್ಡು.” ಹೃದಯದ ನಾಲ್ಕು ಕೋಣೆಗಳನ್ನು ಬೋರ್ಡಿನ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಬರೆದು ಬರೆದು ಹೆಸರಾದವಳು ನಾನು. ನನ್ನ ನಾಡಿಯನ್ನು ನಾನು ಮುಟ್ಟಿ ನೋಡಿದ್ದು ಅದೇ ಮೊದಲು.

ಅಲ್ಲಿಂದ ಹುಟ್ಟಿದ್ದು ನಮ್ಮ ಶನಿವಾರದ ಪಾಠ. ಹತ್ತಿರದ ಶಾಲೆಯ ಏಳೆಂಟು ಹುಡುಗಿಯರು ಬೆಳಗ್ಗೆ ಬೆಟ್ಟದ ಕೆಳಗಿನ ಬಯಲಿಗೆ ಬರುತ್ತಿದ್ದರು. ಓಡಿ ಬಂದು ನಾಡಿ ಎಣಿಸುವುದು, ನೆರಳಿನಿಂದ ಮರದ ಎತ್ತರ ಅಳೆಯುವುದು. ಪುಸ್ತಕ ಇಲ್ಲ. ಆ ಶನಿವಾರಕ್ಕೆ ಪ್ರತಿಧ್ವನಿ ಇಟ್ಟುಕೊಂಡಿದ್ದೆ. ಶುಕ್ರವಾರ ಮೇಷ್ಟ್ರು ತಮ್ಮ ಹಳೆಯ ಸ್ಟೀಲಿನ ಸ್ಟಾಪ್‌ವಾಚ್ ಕೊಟ್ಟರು.

“ನಾಳೆ ನಾನು ವಾಕಿಂಗಿಗೆ ಸಿಗಲ್ಲ. ಶಿರಾಕ್ಕೆ ಹೋಗಿ ಸೋಮವಾರ ಬರ್ತೀನಿ. ವಾಚು ಜೋಪಾನ.”

ಶನಿವಾರ ಮಂಜು ಇತ್ತು. ನಮ್ಮ ಬೆಟ್ಟ ಅಂದರೆ ಒಂದೇ ಬಂಡೆ. ಮಂಜಿನಲ್ಲಿ ಅದರ ತುದಿ ಕಾಣುವುದಿಲ್ಲ, ಆಕಾಶವೇ ಕಲ್ಲಾಗಿ ಇಳಿದು ಬಂದು ಎದುರಿಗೆ ನಿಂತ ಹಾಗಿರುತ್ತದೆ. ಹಳೆ ಡೆಸ್ಕಿನ ಎರಡು ಹಲಗೆ ಹಿಡಿದು ನಾನು ಒಂದಕ್ಕೊಂದು ಬಡಿದೆ. ಟಕ್. ಬಂಡೆ ಹಿಂದಕ್ಕೆ ಕೊಟ್ಟಿತು, ಟಕ್. ಮಕ್ಕಳು ಕೇಕೆ ಹಾಕಿದರು. ಆ ಕೇಕೆ ಇಳಿಯುವಷ್ಟರಲ್ಲಿ, ಇನ್ನೊಂದು. ಟಪ್.

“ಮಿಸ್, ಎರಡು ಸಲ ಬಂತು!”

ಮತ್ತೆ ಬಡಿದೆ. ಟಕ್ ಬಂತು, ಹಿಂದೆಯೇ ಆ ಮಂಕಾದ ಟಪ್ ಬಂತು. ಮತ್ತೆ ಬಡಿದೆ, ಮತ್ತೆ. ಪ್ರತಿ ಸಲವೂ ಬಂತು. ಸ್ಟಾಪ್‌ವಾಚ್ ಹಿಡಿದಿದ್ದವಳು ಗೌಡಗೆರೆ ಕಡೆಯ ಹಾಸ್ಟೆಲ್ ಹುಡುಗಿ, ಒಂಬತ್ತನೇ ಕ್ಲಾಸು, ಮಾತು ಕಡಿಮೆ. ಎಲ್ಲ ಬರೆದುಕೊಳ್ಳುತ್ತಿದ್ದಳು. ನನಗೋ ಖುಷಿಯೋ ಖುಷಿ. ಕಡ್ಡಿಯಿಂದ ಮಣ್ಣಿನ ಮೇಲೆ ಚಿತ್ರ ಬರೆದು ನನ್ನ ಕ್ಲಾಸ್‌ರೂಮ್ ಗಂಟಲಿನಲ್ಲಿ ಹೇಳಿದೆ: “ಇದು ಹತ್ತಿರದ ಮೇಲ್ಮೈ. ಇದು ಎರಡನೇ ಮೇಲ್ಮೈ, ದೂರದ್ದು, ಅದಕ್ಕೇ ತಡ. ಅಲ್ಲಿ ಗಿಡಗಂಟಿ ಇದೆ, ಅದಕ್ಕೇ ಸದ್ದು ಮಂಕು. ಬ್ಯೂಟಿಫುಲ್, ಅಲ್ವಾ? ಬರ್ಕೊಳ್ಳಿ.”

ಎಲ್ಲರೂ ತಲೆ ಬಗ್ಗಿಸಿ ಬರೆಯುತ್ತಿದ್ದರು. ಹಲಗೆಗಳು ನನ್ನ ಕಾಲ ಬಳಿ ನೆಲದ ಮೇಲಿದ್ದವು. ಆಗ, ಯಾರೂ ಏನೂ ಬಡಿಯದೆ ಇದ್ದಾಗ, ಬಂಡೆಯಿಂದ ಬಂತು.

ಟಪ್.

ಪೆನ್ನುಗಳು ನಿಂತವು.

“ದೆವ್ವ ಕಣೇ,” ಅಂದಳು ಒಬ್ಬಳು, ಪಕ್ಕದವಳ ತೋಳು ಹಿಡಿದು. “ಕೋಟೆ ಒಳಗೆ ಯಾರೋ ಅವ್ರೆ ಮಿಸ್. ನಮ್ಮಜ್ಜಿ ಹೇಳ್ತಿತ್ತು.”

“ಯಾರೋ ಬಟ್ಟೆ ಒಗೀತಿದಾರೆ ಅಷ್ಟೆ. ಸೂಪರ್‌ಸ್ಟಿಷನ್ ಎಲ್ಲ ಮನೇಲಿ ಬಿಟ್ಟು ಬನ್ನಿ,” ಎಂದು ಗದರಿದೆ. ಈಗ ಯೋಚಿಸಿದರೆ, ದೆವ್ವ ಅಂದವಳೇ ನಿಜದ ಹತ್ತಿರ ಇದ್ದಳು. ಅಲ್ಲಿ ಯಾರೋ ಇದ್ದಾರೆ ಎಂದಾದರೂ ಹೇಳಿದ್ದಳಲ್ಲ.

ಸಂಜೆ ಆ ಹಾಸ್ಟೆಲ್ ಹುಡುಗಿ ನೋಟ್‌ಬುಕ್ ಹಿಡಿದು ಮನೆಗೆ ಬಂದಳು. ಎರಡು ಸಾಲು ಅಂಕಿ. ಮೊದಲ ಸಾಲಿನವು ಹೆಚ್ಚುಕಮ್ಮಿ ಒಂದೇ. ಎರಡನೇ ಸಾಲಿನವು ಕೆಳಗೆ ಹೋದಂತೆ ದೊಡ್ಡದಾಗುತ್ತ ಹೋಗಿದ್ದವು.

“ಬಂಡೆ ಜಾಗ ಬುಟ್ಟು ಹೋಗಲ್ವಲ್ಲ ಮಿಸ್? ಎರಡ್ನೇದು ಯಾಕೆ ತಡ ಆಗ್ತಾ ಹೋಯ್ತು?”

“ನೀನು ವಾಚ್ ಒತ್ತೋದ್ರಲ್ಲಿ ತಪ್ಪಿರ್ಬೇಕು. ಹ್ಯೂಮನ್ ಎರರ್.”

“ಅಂಗಾರೆ ಮೊದಲ್ನೇದ್ರಲ್ಲೂ ತಪ್ಪಾಗ್ಬೇಕಿತ್ತಲ್ವಾ?”

ನಾನು ನೋಟ್‌ಬುಕ್ ಮುಚ್ಚಿ ಅವಳ ಕೈಗೆ ಕೊಟ್ಟೆ. ಅವಳು ನೆಲ ನೋಡುತ್ತ ಹೇಳಿದಳು: “ನಮ್ಮಪ್ಪ ಕಡ್ಲೆಕಾಯಿ ಹೊಲ ಕಾಯೋವಾಗ ಹಂದಿ ಓಡ್ಸಕ್ಕೆ ತಗಡಿನ ಡಬ್ಬ ಬಡೀತದೆ. ಮೊದ್ಲು ಬಿರ್‌ಬಿರ್ನೆ ಬಡೀತದೆ. ಬರ್ತಾ ಬರ್ತಾ ಕೈ ಸೋತು ನಿಧಾನ ಆಗ್ತದೆ. ಮನೇಲಿದ್ರೂ ನಮ್ಗೆ ಗೊತ್ತಾಗದು, ಅಪ್ಪಂಗೆ ಸುಸ್ತಾಯ್ತು ಅಂತ. ಇದೂ ಅಂಗೇ ಐತೆ. ಬಂಡೆಗೆ ಸುಸ್ತಾಗ್ತದಾ ಮಿಸ್?”

ಹೊರಗೆ ಇನ್ನೂ ಬೆಳಕಿತ್ತು. ಇದನ್ನು ಬರೆಯಲೇಬೇಕು. ಇನ್ನೂ ಬೆಳಕಿತ್ತು, ಅಕ್ಕಪಕ್ಕದ ನಾಲ್ಕು ಜನರನ್ನು ಕರೆದುಕೊಂಡು ಹೋಗಿ ನೋಡಬಹುದಾಗಿತ್ತು. ಆದರೆ ನನ್ನ ಚಿತ್ರ ಚೆನ್ನಾಗಿತ್ತು. ಅದನ್ನು ಅಳಿಸಲು ಮನಸ್ಸು ಬರಲಿಲ್ಲ. “ನಾಳೆ ಬೆಳಗ್ಗೆ ಟೆಸ್ಟ್ ಮಾಡೋಣ,” ಎಂದು ಕಳುಹಿಸಿದೆ.

ಅವಳು ಹೋದ ಮೇಲೆ ಈ ತಮಾಷೆಯನ್ನು ಹೇಳೋಣವೆಂದು ಪಿ.ಟಿ. ಮೇಷ್ಟ್ರಿಗೆ ಫೋನ್ ಮಾಡಿದೆ. ರಿಂಗ್ ಆಗಿ ಆಗಿ ನಿಂತಿತು. ಮೊಮ್ಮಕ್ಕಳ ಜೊತೆ ಇರಬೇಕು ಎಂದುಕೊಂಡೆ. ಆ ಫೋನು ಅವರ ರೂಮಿನಲ್ಲಿ, ಚಾರ್ಜಿಗೆ ಹಾಕಿದ ಹಾಗೇ, ಖಾಲಿ ಗೋಡೆಗಳಿಗೆ ರಿಂಗಾಗುತ್ತಿತ್ತು ಎಂದು ಮರುದಿನ ಗೊತ್ತಾಯಿತು.

ಭಾನುವಾರ ಬೆಳಗ್ಗೆ ಐದು ಹುಡುಗಿಯರು ಬಂದರು. ಮಂಜು ಹಿಂದಿನ ದಿನಕ್ಕಿಂತ ದಟ್ಟವಾಗಿತ್ತು. ಹಲಗೆ ಬಡಿದೆ. ಟಕ್. ಬಂಡೆ ಕೊಟ್ಟಿತು, ಟಕ್. ಕಾದೆವು. ಎರಡನೆಯದು ಬರಲಿಲ್ಲ. ಮತ್ತೆ ಬಡಿದೆ. ಇಲ್ಲ. ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ನಿನ್ನೆ ಇದ್ದ ಎರಡನೇ ಮೇಲ್ಮೈ ಇವತ್ತು ಎಲ್ಲಿ ಹೋಯಿತು? ಬಂಡೆಯ ಒಂದು ಭಾಗ ರಾತ್ರಿ ಎದ್ದು ಹೊರಟುಹೋದಂತೆ ಆ ಮೌನವನ್ನು ಕೇಳುತ್ತ ನಿಂತೆ.

“ಬೇರೆ ಥರ ಬಡೀರಿ ಮಿಸ್,” ಅಂದಳು ಹಾಸ್ಟೆಲ್ ಹುಡುಗಿ. “ಬಂಡೆಯಾದ್ರೆ ನಾವು ಎಷ್ಟು ಕೊಡ್ತೀವೋ ಅಷ್ಟೇ ಕೊಡ್ತದೆ.”

ಏಕೆ ಹಾಗೆ ಬಡಿದೆನೋ ಗೊತ್ತಿಲ್ಲ. ಕಿಟಕಿ ಹಾಕಿ ಹಾಕಿ ಹೊರಗಿಟ್ಟಿದ್ದ ಸದ್ದು ಕೈಯೊಳಗೆ ಉಳಿದಿತ್ತೇನೋ. ಟಕ್-ಟಕ್. ಬಂಡೆ ಹಿಂದಕ್ಕೆ ಕೊಟ್ಟಿತು, ಟಕ್-ಟಕ್. ಆಮೇಲೆ ಏನೂ ಇಲ್ಲ. ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ, ಉಸಿರು ಹಿಡಿದಿದ್ದರಿಂದ ಮಾತ್ರ ಕೇಳಿಸುವಷ್ಟು ಮೆಲ್ಲಗೆ,

ಟಪ್.

ಎರಡಕ್ಕೆ ಒಂದು. ಬಂಡೆ ಹಾಗೆ ಉತ್ತರ ಕೊಡುವುದಿಲ್ಲ. ಹಾಗೆ ಉತ್ತರ ಕೊಡುವುದನ್ನು ಕಲಿಸಿದ್ದು ಒಬ್ಬರೇ ಮೇಷ್ಟ್ರು.

“ಓಡ್ರೇ!” ಎಂದು ಕಿರುಚಿದೆ. ನನ್ನ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು. “ಮೆಟ್ಟಿಲು ಹತ್ತಿ ಓಡ್ರೇ! ಮೇಷ್ಟ್ರು ಅಲ್ಲಿದಾರೆ!”

ಒಬ್ಬಳನ್ನು ಜನ ಕರೆತರಲು ಬಸ್ ಸ್ಟ್ಯಾಂಡ್ ಕಡೆ ಅಟ್ಟಿದೆ. ಉಳಿದವರು ಮಂಜಿನೊಳಗೆ ಹತ್ತಿ ಮರೆಯಾದರು. ನನಗೆ ಅಷ್ಟು ಬೇಗ ಹತ್ತಲಾಗುವುದಿಲ್ಲ. ಕೆಳಗೆ ನಿಂತು ಎರಡು ಬಡಿಯುತ್ತಿದ್ದೆ, ಹುಡುಗಿಯರಿಗೆ ಆ ಒಂದು ಟಪ್‌ನ ದಿಕ್ಕು ಸಿಗಲಿ ಎಂದು, ಮೇಷ್ಟ್ರು ನಿದ್ದೆಗೆ ಜಾರದಿರಲಿ ಎಂದು. ಟಕ್-ಟಕ್. ಟಪ್. ಟಕ್-ಟಕ್. ಟಪ್. ನನ್ನ ನಾಡಿ ಕಿವಿಯಲ್ಲೇ ಬಡಿಯುತ್ತಿತ್ತು. ಒಂದು ಸಲ ಬಡಿದಾಗ ಉತ್ತರ ಬರಲಿಲ್ಲ. ಮತ್ತೆ ಬಡಿದೆ. ಬರಲಿಲ್ಲ. ಹಲಗೆ ಹಿಡಿದ ಕೈ ಎತ್ತಿದಲ್ಲೇ ನಿಂತಿತು. ಆಗ ಮೇಲಿನಿಂದ ಆ ಹುಡುಗಿಯ ದನಿ ಬಂತು.

“ಸಿಕ್ಬುಟ್ರು ಮಿಸ್! ಉಸಿರೈತೆ!”

ಮೇಷ್ಟ್ರು ಶನಿವಾರ ಶಿರಾ ಬಸ್ಸಿಗೆ ಮುಂಚೆ ಒಂದು ಸುತ್ತು ಹತ್ತಿ ಬರೋಣವೆಂದು ಹೋಗಿದ್ದಾರೆ. ಹಳೆ ಕೋಟೆ ಗೋಡೆಯ ಪಕ್ಕ ನೀರು ಒಸರುವ ಕಡೆ ಜಾರಿ ಬಂಡೆಯ ಸೀಳಿನೊಳಗೆ ಬಿದ್ದಿದ್ದಾರೆ. ಸೊಂಟ ಮುರಿದಿತ್ತು. ಪಕ್ಕೆಲುಬು ಮುರಿದು ಕೂಗಲು ಉಸಿರೇ ಸಾಲುತ್ತಿರಲಿಲ್ಲ. ಒಂದು ಕಾಲಿನ ಶೂ ಬಿಚ್ಚಿಕೊಂಡು ಅದರ ರಬ್ಬರ್ ಅಡಿಯಿಂದ ಕಲ್ಲಿಗೆ ಬಡಿದಿದ್ದರು. ಮೇಷ್ಟ್ರು ಶಿರಾದಲ್ಲಿದ್ದಾರೆ ಎಂದು ಇಲ್ಲಿಯವರು ಅಂದುಕೊಂಡಿದ್ದರು. ಮಗಳು, ಅಪ್ಪ ಈ ವಾರವೂ ಬೆಟ್ಟ ಬಿಟ್ಟು ಬರಲಿಲ್ಲ ಅಂದುಕೊಂಡಿದ್ದಳು. ತುಮಕೂರಿನ ಆಸ್ಪತ್ರೆಯ ಡಾಕ್ಟರು ಆ ಚಳಿಯಲ್ಲಿ ಈ ವಯಸ್ಸಿನವರು ಉಳಿದದ್ದನ್ನು ನಂಬದೆ ಎರಡು ಸಲ ಎದೆ ಪರೀಕ್ಷೆ ಮಾಡಿ, “ಜೀವನಪೂರ್ತಿ ಎಕ್ಸರ್‌ಸೈಜ್ ಮಾಡಿದ ಮೈ, ಅದಕ್ಕೇ ತಡ್ಕೊಂಡಿದೆ,” ಅಂದರು.

ಶಿರಾದ ಮಗಳ ಮನೆಗೆ ನಾನು ಹೋದದ್ದು ಯುಗಾದಿ ಕಳೆದ ಮೇಲೆ. ಸ್ಟಾಪ್‌ವಾಚ್ ಹಿಂತಿರುಗಿಸುವುದು ಒಂದು ನೆಪ. ಅವರು ಮುಂದಿನ ಕೋಣೆಯಲ್ಲಿ ಕುರ್ಚಿಯ ಮೇಲೆ ಕೂತು, ವಾಕರ್ ಹಿಡಿದು, ಒಂದೊಂದೇ ಕಾಲನ್ನು ಎತ್ತಿ ಇಳಿಸುತ್ತಿದ್ದರು.

“ಎಣಿಸಿ ಮೇಡಂ, ನನಗೆ ಉಸಿರಾಡಕ್ಕೇ ಸರಿಹೋಗ್ತದೆ.”

ಹತ್ತರವರೆಗೆ ಎಣಿಸಿದೆ. ಆಮೇಲೆ ಹೇಳಿದೆ. ಶನಿವಾರವೇ ಕೇಳಿಸಿತ್ತು, ನಾನು ಬೇರೆ ಏನೋ ಅಂದುಬಿಟ್ಟೆ, ಅಂತ.

“ಗೊತ್ತು,” ಅಂದರು. “ನೀವು ಹೇಳ್ತಿದ್ದಿದ್ದು ನನಗೆ ಕೇಳಿಸ್ತಿತ್ತು. ಆ ಸೀಳಿನೊಳಗೆ ಕೆಳಗಿನ ಮಾತೆಲ್ಲ ಬಂದು ತುಂಬ್ಕೊಳ್ತದೆ. ಎರಡನೇ ಮೇಲ್ಮೈ, ದೂರದ್ದು, ಮಂಕು, ಬರ್ಕೊಳ್ಳಿ.”

ನನ್ನದೇ ಧಾಟಿಯಲ್ಲಿ ಹೇಳಿದರು. ಒಳಗೆ ಮಗಳು ಟೀ ಕಪ್ಪು ಜೋಡಿಸುವ ಸದ್ದು ಬರುತ್ತಿತ್ತು.

“ಆಗ ಏನನ್ನಿಸ್ತು ಮಾಸ್ಟರ್?”

“ಏನನ್ಸ್ತದೆ? ಮೇಡಂ ಅಷ್ಟು ಕರೆಕ್ಟಾಗಿ ಹೇಳ್ತಿದಾರೆ ಅಂದ್ಮೇಲೆ ನಾನು ಪ್ರತಿಧ್ವನಿನೇ ಇರ್ಬೇಕು ಅಂದ್ಕೊಂಡೆ. ರಾತ್ರಿಯೆಲ್ಲ ಹಂಗೇ ಅನ್ಸ್ತಿತ್ತು. ಕೈ ನೋಡ್ಕೊಂಡ್ರೆ ನನ್ನ ಕೈ ಅನ್ನಿಸ್ಲಿಲ್ಲ. ಬೆಳಗ್ಗೆ ನೀವು ಒಂದೊಂದೇ ಬಡಿದಾಗ ಅದು ಏಳ್ಲೇ ಇಲ್ಲ.” ಕಾಲು ಇಳಿಸಿದರು. “ಆಮೇಲೆ ಎರಡು ಕೇಳಿಸ್ತು. ಪ್ರತಿಧ್ವನಿಯಾದ್ರೆ ಎರಡೇ ಕೊಡ್ಬೇಕು. ನಾನು ಒಂದು ಕೊಟ್ಟೆ. ಆಗ ಗೊತ್ತಾಯ್ತು, ನಾನು ಇನ್ನೂ ಇದೀನಿ ಅಂತ.”

ಕ್ಷಮಿಸಿ ಎನ್ನಲು ಬಾಯಿ ತೆರೆದೆ. ಅವರು ಕೈ ಅಡ್ಡ ತಂದರು. ಸ್ಟಾಪ್‌ವಾಚ್ ತೆಗೆದುಕೊಳ್ಳಲಿಲ್ಲ. “ಅದು ಆ ಹಾಸ್ಟೆಲ್ ಹುಡುಗೀಗೆ. ನಿಮಗಿಂತ ಅವಳೇ ಸೈಂಟಿಸ್ಟ್.” ಈಗಲೂ ಅದು ಅವಳ ಹತ್ತಿರವೇ ಇದೆ.

ಮುಂದಿನ ತಿಂಗಳು ಮತ್ತೆ ಬರುತ್ತೇನೆ ಎಂದಿದ್ದೆ. ಅಷ್ಟರೊಳಗೆ ಮಗಳ ಫೋನ್ ಬಂತು, ನಿದ್ದೆಯಲ್ಲೇ ಹೋದರಂತೆ. ಹಾಗಾಗಿ ನಾನು ಅವರನ್ನು ನೋಡಿದ್ದು ಅದೇ ಕೊನೆ. ಆ ದಿನ ಅವರಿಗೆ ಹೇಳಿ ಹೊರಟು ಬಿಸಿಲಿನಲ್ಲಿ ಬೀದಿಗೆ ಇಳಿದು, ಚಪ್ಪಲಿ ಮೆಟ್ಟಿ, ನಾಲ್ಕು ಹೆಜ್ಜೆ ಹೋಗಿದ್ದೆ. ಹಿಂದಿನಿಂದ ವಾಕರಿನ ಮೇಲೆ ಅಂಗೈ ಬಡಿದ ಸದ್ದು. ಟಪ್-ಟಪ್. ತಕ್ಷಣ ತಿರುಗಿದೆ. ಬಾಗಿಲ ಚೌಕಟ್ಟಿನೊಳಗೆ, ಅರ್ಧ ನೆರಳಿನಲ್ಲಿ, ಅವರು ಮೈದಾನದಲ್ಲಿ ನಿಲ್ಲುತ್ತಿದ್ದಂತೆ ನೆಟ್ಟಗೆ ನಿಂತು ಕಾಯುತ್ತಿದ್ದರು. ಬ್ಯಾಗನ್ನು ಹೆಗಲಿಗೆ ಏರಿಸಿ, ದಾರಿಯಲ್ಲಿ ಹೋಗುವವರು ನೋಡಿದರೆ ನೋಡಲಿ ಎಂದು, ಒಂದು ಚಪ್ಪಾಳೆ ತಟ್ಟಿದೆ.