ಎರಡನೇ ಸಲ ಬಂದರೆ ಚುಕ್ಕೆ

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷ ಇದೆ. ಹಳೇ ಗಿರಣಿ ರಸ್ತೆಯ ತಿರುವಿನಲ್ಲಿ, ಬಾಗಿಲು ತೆರೆಯದ ಸೈಕಲ್ ಅಂಗಡಿಯ ಮುಂದೆ ಲೆಕ್ಕದಕ್ಕ ತಮ್ಮ ಪ್ಲಾಸ್ಟಿಕ್ ಕುರ್ಚಿ ಬಿಡಿಸುತ್ತಾರೆ. ಕುರ್ಚಿಯ ಒಂದು ಕಾಲಿನಡಿ ರಟ್ಟು ಮಡಿಸಿ ಇಡುತ್ತಾರೆ, ಕೊಡೆಯನ್ನು ಕುರ್ಚಿಯ ಬೆನ್ನಿಗೆ ಕಟ್ಟುತ್ತಾರೆ, ತೊಡೆಯ ಮೇಲೆ ಒಂದು ಹಲಗೆ ಇಟ್ಟುಕೊಳ್ಳುತ್ತಾರೆ. ಹಲಗೆಗೆ ಬಿಗಿದಿರುವುದು ನಾಲ್ಕು ಕೌಂಟರುಗಳು. ಬಸ್ಸಿಗೊಂದು, ಲಾರಿಗೊಂದು, ಕಾರಿಗೊಂದು, ಬೈಕಿಗೊಂದು. ಗುಂಡಿ ಒತ್ತಿದರೆ ಟಿಕ್ ಎಂದು ಒಂದು ಅಂಕಿ ಮೇಲೇರುತ್ತದೆ. ಸಂಜೆ ಆರರವರೆಗೆ ಈ ರಸ್ತೆಯಲ್ಲಿ ಹಾದುಹೋಗುವ ಪ್ರತಿಯೊಂದು ವಾಹನವನ್ನೂ ಅವರು ಎಣಿಸಬೇಕು. ಅದೇ ಅವರ ಕೆಲಸ, ಹದಿನೇಳು ವರ್ಷದಿಂದ.

ರಸ್ತೆಯ ಆಚೆ ಬದಿ ಒಂದು ಜೀಪು ನಿಂತಿದೆ. ಒಳಗೆ ರಸ್ತೆ ಇಲಾಖೆಯ ಇಂಜಿನಿಯರ್ ಕೂತು, ಲೆಕ್ಕದಕ್ಕ ತೂಕಡಿಸುತ್ತಾರಾ ಎಂದು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದಾರೆ. ಲೆಕ್ಕದಕ್ಕ ಪ್ರತಿ ವಾಹನವನ್ನೂ ಅನುಮಾನದಿಂದ ನೋಡುತ್ತಾರೆ. ನಾನು ಇಬ್ಬರನ್ನೂ ಅನುಮಾನದಿಂದ ನೋಡುತ್ತಿದ್ದೇನೆ. ಪತ್ರಿಕೆಗೆ ಬರೆಯುವವನು ನಾನು, ಅದು ನನ್ನ ಕಸುಬಿನ ರೋಗ. ಎಲೆಮರೆಯ ಕಾಯಿ ಎಂದು ಯಾರಾದರೂ ತೋರಿಸಿದರೆ, ಆ ಕಾಯಿ ಎಲೆಯ ಹಿಂದೆ ಯಾಕೆ ಅವಿತಿದೆ ಎಂದೇ ನಾನು ಮೊದಲು ಕೇಳುವುದು.

ಕಳೆದ ತಿಂಗಳು ಇದೇ ರಸ್ತೆಯಲ್ಲಿ ಎಣಿಕೆ ನಡೆದಿತ್ತು. ಇಲಾಖೆ ಹೊಸದಾಗಿ ರಸ್ತೆಗೆ ಅಡ್ಡಲಾಗಿ ಒಂದು ರಬ್ಬರ್ ಕೊಳವೆ ಹಾಸಿ, ಅದಕ್ಕೊಂದು ಪೆಟ್ಟಿಗೆ ಜೋಡಿಸಿತ್ತು. ಚಕ್ರ ತುಳಿದಾಗಲೆಲ್ಲ ಪೆಟ್ಟಿಗೆ ಎಣಿಸಿಕೊಳ್ಳುತ್ತದೆ. ದಿನದ ಕೊನೆಗೆ ಪೆಟ್ಟಿಗೆ ಹೇಳಿದ್ದು 5,158. ಲೆಕ್ಕದಕ್ಕ ಬರೆದದ್ದು 4,312. ಎಂಟುನೂರ ನಲವತ್ತಾರು ವಾಹನಗಳ ವ್ಯತ್ಯಾಸ. ಮರುವಾರವೇ ಅವರ ಕೈಗೆ ಪತ್ರ ಬಂತು: ಕೆಲಸದ ವೇಳೆ ನಿದ್ರಿಸಿದ್ದಕ್ಕೆ ಕಾರಣ ಕೊಡಿ, ಮರು ಎಣಿಕೆಯಲ್ಲೂ ತಪ್ಪಿದರೆ ಎಣಿಕೆದಾರರ ಪಟ್ಟಿಯಿಂದ ನಿಮ್ಮ ಹೆಸರು ತೆಗೆಯಲಾಗುವುದು. ಆ ಮರು ಎಣಿಕೆಯೇ ಇವತ್ತಿನದು, ಕೊಳವೆಯೂ ಪೆಟ್ಟಿಗೆಯೂ ಮತ್ತೆ ರಸ್ತೆಗೆ ಬಂದಿವೆ. ದಿನಾಂಕ ಯಾರಿಗೂ ತಿಳಿಯದಂತೆ ನಿನ್ನೆ ಸಂಜೆಯಷ್ಟೇ ಹೇಳಿದ್ದಾರೆ.

"ಯಂತ್ರಕ್ಕೆ ನಿದ್ದೆ ಬರಲ್ಲ ಸಾರ್," ಎಂದು ಇಂಜಿನಿಯರ್ ನನಗೆ ಮೊದಲೇ ಹೇಳಿದ್ದರು. ಮಾತೇನೋ ನಿಜ.

ಲೆಕ್ಕದಕ್ಕನ ಅಪ್ಪ ರೈಲ್ವೆ ಗೇಟು ಕಾಯುತ್ತಿದ್ದವರು. ಗೇಟಿನ ಪಕ್ಕದ ಒಂಟಿ ಕೋಣೆಯಲ್ಲಿ ಬೆಳೆದ ಹುಡುಗಿಗೆ ಆಟಿಕೆ ಎಂದರೆ ಗೂಡ್ಸ್ ಗಾಡಿಯ ಡಬ್ಬಿಗಳು. ಕೊನೆಯ ಡಬ್ಬಿ ಹೋಗುವವರೆಗೆ ಎಣಿಸದೆ ಊಟಕ್ಕೆ ಏಳುತ್ತಿರಲಿಲ್ಲವಂತೆ. ಈಗ ಜಿಲ್ಲೆಯ ಅರವತ್ತಮೂರು ಜಾಗಗಳಲ್ಲಿ ವರ್ಷಕ್ಕೆ ಮೂರು ಮೂರು ದಿನ ಕೂರುತ್ತಾರೆ. ಆಸ್ಪತ್ರೆ ರಸ್ತೆ ಮಂಗಳವಾರ ತುಂಬುತ್ತದೆ, ಯಾಕೆಂದರೆ ದೊಡ್ಡ ಡಾಕ್ಟರು ಬರುವುದು ಅವತ್ತು. ಮಳೆ ಬಂದರೆ ಬೈಕುಗಳು ಅರ್ಧಕ್ಕೆ ಇಳಿಯುತ್ತವೆ, ಕಾರುಗಳು ಒಂದೂಕಾಲು ಪಟ್ಟು ಏರುತ್ತವೆ. "ಅಲ್ಲಿ ರೈಲ್ವೆ ಗೇಟು ಹಾಕಿದ್ರೆ ಸರಿಯಾಗಿ ಹನ್ನೊಂದು ನಿಮಿಷಕ್ಕೆ ಇಲ್ಲಿ ಜಾಮ್. ಜನ ಇಲ್ಲಿನ ಪೊಲೀಸಪ್ಪನ್ನ ಬೈತಾರೆ. ಪಾಪ, ಅವನೇನು ಮಾಡ್ಬೇಕು?"

ರಸ್ತೆ ಬದಿ ದಿನವಿಡೀ ಕೂತು ಬರೆಯುವ ಹೆಂಗಸನ್ನು ಯಾವ ಊರೂ ಸುಮ್ಮನೆ ಬಿಡುವುದಿಲ್ಲ. ಅಂಗಡಿಯವರಿಗೆ ಅವರು ತೆರಿಗೆಯವರ ಗೂಢಚಾರಿಣಿ, ಬಸ್ ಡ್ರೈವರುಗಳಿಗೆ ಡಿಪೋದ ಕಣ್ಣು. ಒಮ್ಮೆ ಒಬ್ಬ ಹೆಂಗಸು ಬಂದು, "ಅಕ್ಕಾ, ನಮ್ಮ ಯಜಮಾನ್ರು ಈ ಕಡೆ ಎಷ್ಟು ಸಲ ಹೋದ್ರು ಹೇಳ್ಬಿಡಿ," ಎಂದು ಕೈ ಹಿಡಿದುಕೊಂಡಳಂತೆ. ಮನೆಯಲ್ಲೂ ಅದೇ ಕಥೆ. "ನಮ್ಮತ್ತೆ ಇವತ್ತಿಗೂ ನಂಬಿಲ್ಲ ಸಾರ್. ಬೀದಿ ನೋಡ್ಕೊಂಡು ಕೂರೋದಕ್ಕೆ ಯಾರಾದ್ರೂ ಕೆಲಸ ಅಂತಾರೇನೇ ಅಂತಾರೆ. ಅವರೇ ಮಧ್ಯಾಹ್ನ ಪೂರ್ತಿ ಕಿಟಕೀಲಿ ಕೂತಿರ್ತಾರೆ, ಪುಕ್ಕಟೆಯಾಗಿ!"

ಒಂಬತ್ತು ಗಂಟೆಗೆ ನಾನೂ ಎಣಿಸಿ ನೋಡುತ್ತೇನೆ. ಪರೀಕ್ಷೆ ಅವರಿಗೆ ಎಂದುಕೊಂಡೇ ಶುರು ಮಾಡಿದ್ದು. ಹದಿನೈದು ನಿಮಿಷಕ್ಕೆ ನನ್ನ ಲೆಕ್ಕ 131, ಅವರದು 138. ಸಿಕ್ಕಿಬಿದ್ದರು ಎಂದು ಒಳಗೊಳಗೇ ಹಿಗ್ಗುತ್ತೇನೆ.

"ಬಸ್ಸಿನ ಆಚೆ ಏಳು ಬೈಕ್ ಹೋದ್ವು ಸಾರ್," ಎನ್ನುತ್ತಾರೆ ರಸ್ತೆಯಿಂದ ಕಣ್ಣು ಕೀಳದೆ. "ಬಸ್ಸನ್ನ ನೋಡ್ಬಾರ್ದು, ಬಸ್ಸಿನ ಕೆಳಗೆ ನೋಡ್ಬೇಕು. ಅಲ್ಲಿ ಚಕ್ರ ಕಾಣುತ್ತೆ."

ಮುಂದಿನ ಬಸ್ಸು ಬಂದಾಗ ನಾನು ಬಗ್ಗಿ ನೋಡುತ್ತೇನೆ. ಅದರ ಹೊಟ್ಟೆಯಡಿ ಎರಡು ಸಣ್ಣ ಚಕ್ರಗಳು ಓಡುತ್ತಿವೆ. ಮುಖ ಸಣ್ಣದು ಮಾಡಿಕೊಂಡು ಎದ್ದು ನಿಲ್ಲುತ್ತೇನೆ. ಹನ್ನೆರಡು ಗಂಟೆ ಹೀಗೆಯೇ ಕೂರುವ ಇವರಿಗೆ ಬದಲಿ ಜನ ಇಲ್ಲ. ಬೆಳಿಗ್ಗೆಯಿಂದ ನೀರು ಕುಡಿಯುವುದನ್ನು ಗುಟುಕಿನ ಲೆಕ್ಕಕ್ಕೆ ಇಳಿಸಿದ್ದಾರೆ, ಎದ್ದು ಹೋಗುವ ಹಾಗಿಲ್ಲವಲ್ಲ. ರಾತ್ರಿ ಮಲಗಿದರೂ ಹೆಬ್ಬೆರಳು ತಾನಾಗಿ ಅಲ್ಲಾಡುತ್ತದಂತೆ. ನನಗೆ ನಾಚಿಕೆಯಾಗುತ್ತದೆ, ಆದರೆ ಅನುಮಾನ ಹೋಗುವುದಿಲ್ಲ. ಏಳು ಬೈಕು ಬೇರೆ, ಎಂಟುನೂರು ವಾಹನ ಬೇರೆ.

ಮಧ್ಯಾಹ್ನ ರಸ್ತೆ ಕೊಂಚ ತೆಳುವಾದಾಗ ಅವರು ತಮ್ಮ ಸ್ವಂತ ನೋಟ್‌ಬುಕ್ ತೆಗೆದು ಕಳೆದ ತಿಂಗಳ ಹಾಳೆ ತೋರಿಸುತ್ತಾರೆ. ಅಂಚಿನ ತುಂಬ ಚುಕ್ಕೆಗಳು. ಒಂದೇ ವಾಹನ ಮತ್ತೆ ಮತ್ತೆ ಸುತ್ತುತ್ತಿದೆ ಎನಿಸಿದರೆ ಅವರು ಕೌಂಟರ್ ಒತ್ತುವುದಿಲ್ಲ, ಅಂಚಿನಲ್ಲಿ ಚುಕ್ಕೆ ಇಡುತ್ತಾರೆ. ನಿಯಮದಲ್ಲಿ ಇದಕ್ಕೆ ಜಾಗವಿಲ್ಲ. ಎಷ್ಟು ಸಲ ಹಾದರೂ ಅಷ್ಟೂ ಬರೆಯಬೇಕು ಎನ್ನುತ್ತದೆ ನಿಯಮ.

"ತಪ್ಪು ನಂದೇ ಸಾರ್, ಒಪ್ತೀನಿ. ಆದ್ರೆ ಅವತ್ತು ಬಂದದ್ದು ಹನ್ನೆರಡೇ ಟಿಪ್ಪರು. ಒಂದಕ್ಕೆ ಬಲಗಣ್ಣಿನ ದೀಪ ಒಡೆದಿತ್ತು, ಒಂದರ ಹಿಂಬಾಗಿಲಿಗೆ ಹಗ್ಗ ಕಟ್ಟಿದ್ರು. ಎಲ್ಲ ಖಾಲಿ. ಮಣ್ಣಿಲ್ಲ, ಜಲ್ಲಿ ಇಲ್ಲ. ಕಾಲು ಗಂಟೆಗೊಂದು ಸುತ್ತು, ಬೆಳಿಗ್ಗೆಯಿಂದ ಸಂಜೆ ತನಕ. ಖಾಲಿ ಗಾಡಿ ಯಾರಾದ್ರೂ ಸುಮ್‌ಸುಮ್ನೆ ಓಡಿಸ್ತಾರಾ?"

ಚುಕ್ಕೆಗಳನ್ನು ಎಣಿಸುತ್ತೇನೆ: 552. ಕೊಳವೆಯ ಲೆಕ್ಕವನ್ನು ಅವರೇ ಬಿಡಿಸಿ ಹೇಳುತ್ತಾರೆ. ಎರಡು ಸಲ ತುಳಿದರೆ ಅದು ಒಂದು ವಾಹನ ಎಂದುಕೊಳ್ಳುತ್ತದೆ. ಟಿಪ್ಪರಿಗೆ ಮುಂದೊಂದು, ಹಿಂದೆರಡು ಸಾಲು ಚಕ್ರ. ಅದು ಮೂರು ಸಲ ತುಳಿಯುತ್ತದೆ, ಅಂದರೆ ಒಂದೂವರೆ ವಾಹನ. 552ರ ಒಂದೂವರೆ ಪಟ್ಟು 828.

"ಉಳಿದ ಹದಿನೆಂಟು?" ಎನ್ನುತ್ತೇನೆ.

"ಅದು ನನ್ನ ಕಣ್ಣು ತಪ್ಪಿರ್ಬಹುದು. ಅಷ್ಟಕ್ಕೆ ಬೇಕಾದ್ರೆ ಬೈಯ್ಲಿ."

ದಿನಕ್ಕೆ ಐದು ಸಾವಿರ ದಾಟಿದರೆ ರಸ್ತೆ ಅಗಲ ಮಾಡಬೇಕೆಂಬುದು ಇಲಾಖೆಯ ಲೆಕ್ಕ. ಅಗಲವಾದರೆ ಯಾರಿಗೋ ಗುತ್ತಿಗೆ ಸಿಗುತ್ತದೆ. ಟಿಪ್ಪರು ಓಡಿಸಿದ್ದು ಯಾರು ಎಂದು ನಾನು ಹೇಳಲಾರೆ, ಗೊತ್ತಿಲ್ಲ. ಬೆಂಕಿ ಇಲ್ಲದೆ ಹೊಗೆ ಆಡುವುದಿಲ್ಲ ಎಂಬುದಷ್ಟೇ ಗೊತ್ತು. ಆದರೆ ನನ್ನ ತಲೆಯಲ್ಲಿ ಇನ್ನೊಂದು ಹುಳ ಕೊರೆಯುತ್ತಿದೆ. ಪತ್ರ ಬಂದ ಮೇಲೆ ಮನೆಯಲ್ಲಿ ಕೂತು ಈ ಚುಕ್ಕೆಗಳನ್ನು ಇಟ್ಟಿದ್ದರೆ? ಎಂಟುನೂರಕ್ಕೆ ಸರಿಹೊಂದುವಷ್ಟು ಚುಕ್ಕೆ ಇಡಲು ಲೆಕ್ಕ ಬಲ್ಲವರಿಗೆ ಅರ್ಧ ಗಂಟೆ ಸಾಕು.

ಸಂಜೆ ಆರಕ್ಕೆ ಇಂಜಿನಿಯರ್ ಜೀಪಿನಿಂದ ಇಳಿದು, ಪೆಟ್ಟಿಗೆಯ ಮುಚ್ಚಳ ತೆಗೆದು ಅಂಕಿ ಓದುತ್ತಾರೆ: 4,345. ಲೆಕ್ಕದಕ್ಕ ನಾಲ್ಕು ಕೌಂಟರುಗಳನ್ನು ಕೂಡಿಸಿ ಹಲಗೆಯನ್ನು ಅವರ ಮುಂದೆ ಹಿಡಿಯುತ್ತಾರೆ. 4,328. ಟಿಪ್ಪರುಗಳು ಇವತ್ತು ಬಂದಿಲ್ಲ. ಬರಬೇಕೆಂದು ಅವುಗಳಿಗೆ ಯಾರೂ ಹೇಳಿರಲಿಲ್ಲ.

ಲೆಕ್ಕದಕ್ಕ ಕಳೆದ ತಿಂಗಳ ಚುಕ್ಕೆಗಳ ಹಾಳೆಯನ್ನೂ ತೆರೆದು, 828 ಕಳೆದರೆ ಹದಿನೆಂಟು ಉಳಿಯುವ ಲೆಕ್ಕ ತೋರಿಸುತ್ತಾರೆ. ಇಂಜಿನಿಯರ್ ತಮ್ಮ ಕಾಗದದ ಮೇಲೆ ಎರಡೂ ದಿನದ ಅಂಕಿಗಳನ್ನು ಬರೆದು ಕಳೆಯುತ್ತಾರೆ. "ಹದಿನೇಳು ವ್ಯತ್ಯಾಸ," ಎನ್ನುತ್ತಾರೆ ಕೊನೆಗೆ. "ದಿನಾ ಓಡಾಡೋ ದೊಡ್ಡ ಲಾರಿಗಳದ್ದು ಇದು, ಮೂರನೇ ಸಾಲು ಚಕ್ರದ್ದು. ಅವತ್ತಿನ ಹದಿನೆಂಟೂ ಹೆಚ್ಚುಕಮ್ಮಿ ಇದೇ ಇರ್ಬೇಕು. ನಿಮ್ದಲ್ಲಮ್ಮ." ಕ್ಷಮೆ ಕೇಳುವ ಅಭ್ಯಾಸ ಅವರಿಗಿದ್ದಂತಿಲ್ಲ. "ಆ ಪತ್ರ ವಾಪಸ್ ಕೊಡಿ. ನೋಟ್‌ಬುಕ್ಕಿಂದ ಒಂದು ನಕಲು ಬೇಕು," ಎಂದು ಹೇಳಿ ಜೀಪು ಹತ್ತುತ್ತಾರೆ.

ಲೆಕ್ಕದಕ್ಕ ಬಾಟಲಿ ತೆಗೆದು ಗಟಗಟ ನೀರು ಕುಡಿಯುತ್ತಾರೆ. ಅಷ್ಟೂ ಬಾಟಲಿ, ಒಂದೇ ಉಸಿರಿಗೆ. ಇನ್ನೇನು ಬೇಕು ನಿಮಗೆ ಎಂದು ಕೇಳುತ್ತೇನೆ. ಫಾರಂನಲ್ಲಿ ಇನ್ನೊಂದು ಕಾಲಂ ಬೇಕಂತೆ, 'ಮತ್ತೆ ಬಂದದ್ದು' ಎಂದು.

"ಅಂಚಲ್ಲಿ ಚುಕ್ಕೆ ಇಟ್ರೆ ಯಾರೂ ನಂಬಲ್ಲ ಸಾರ್. ನೀವೂ ನಂಬಿಲ್ಲ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ, "ಛೆ, ಹಾಗೇನಿಲ್ಲ," ಎನ್ನುತ್ತೇನೆ.

ಅವರು ನೋಟ್‌ಬುಕ್ಕಿನ ಪುಟ ತಿರುಗಿಸಿ ನನ್ನ ಕೈಗೆ ಕೊಡುತ್ತಾರೆ. ಹೋದ ಮಂಗಳವಾರ, ಆಸ್ಪತ್ರೆ ರಸ್ತೆ. ಈ ಲೇಖನದ ಬಗ್ಗೆ ನಾನಿನ್ನೂ ಅವರ ಬಳಿ ಮಾತೇ ಎತ್ತಿರದ ದಿನ. ನಿದ್ದೆ ಮಾಡುತ್ತಾರಾ ನೋಡೋಣ ಎಂದು, ಹೆಲ್ಮೆಟ್ಟಿನ ಗಾಜು ಇಳಿಸಿಕೊಂಡು, ದಾರಿಹೋಕನಂತೆ ಅವರ ಮುಂದೆ ಸುತ್ತಿದ್ದ ದಿನ. ಅಂಚಿನಲ್ಲಿ ಸಣ್ಣ ಅಕ್ಷರಗಳಿವೆ: 'ಬೂದು ಸ್ಕೂಟರು, ಎಡಗನ್ನಡಿ ಇಲ್ಲ, ಸೀಟು ಹರಿದಿದೆ.' ಮುಂದೆ ನಾಲ್ಕು ಚುಕ್ಕೆ.

ಸೈಕಲ್ ಅಂಗಡಿಯ ಪಕ್ಕ ನಿಲ್ಲಿಸಿದ ನನ್ನ ಸ್ಕೂಟರಿನ ಕಡೆ ಅವರು ನೋಡುತ್ತಾರೆ. "ಐದು ಸಲ ಬಂದ್ರಿ ಸಾರ್. ಮೊದಲ್ನೇದು ಲೆಕ್ಕಕ್ಕೆ ಹೋಯ್ತು."